ಉಣ್ಣೆ ಬಂದ ದಾರಿ, ಉಣ್ಣೆ ಹೋದ ದಾರಿ: ಚಿಪ್ಪಿಂಗ್ ಕ್ಯಾಂಪ್ಡನ್

ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್ ಕೌಂಟಿಯ ಈಶಾನ್ಯ ಮೂಲೆಯಲ್ಲಿ, ಕಾಟ್ಸ್‌ವೋಲ್ಡ್ ಗುಡ್ಡಸಾಲು ಕಡಿದಾಗಿ ಇಳಿದು ಈವ್‌ಶಮ್ ಬಯಲನ್ನು ಸೇರುವ ಕಡೆ, ಚಿಪ್ಪಿಂಗ್ ಕ್ಯಾಂಪ್ಡನ್ ಎಂಬ ಸಂತೆಪೇಟೆ ಇದೆ. ಅಲ್ಲಿನ ಸೇಂಟ್ ಜೇಮ್ಸ್ ಚರ್ಚಿನಲ್ಲಿ ಬಲಿಪೀಠದ ಮುಂದಿನ ನೆಲಕ್ಕೆ ಕೂರಿಸಿರುವ ದೊಡ್ಡದೊಂದು ಹಿತ್ತಾಳೆ ಫಲಕದಲ್ಲಿ ಗಂಡಹೆಂಡಿರಿಬ್ಬರು ಕೈಮುಗಿದು ನಿಂತಿದ್ದಾರೆ. ಗಂಡ ವಿಲಿಯಂ ಗ್ರೆವೆಲ್, ಹೆಂಡತಿ ಮರಿಯನ್. ಸುತ್ತಲೂ ಕೊರೆದಿರುವ ಲ್ಯಾಟಿನ್ ಬರಹವು ಗ್ರೆವೆಲ್‌ನನ್ನು ಲಂಡನ್ ನಗರದ ಪೌರನೆಂದೂ ಇಡೀ ಇಂಗ್ಲೆಂಡಿನ ಉಣ್ಣೆ ವರ್ತಕರಲ್ಲಿ ಹೂವಿನಂಥವನೆಂದೂ ಕರೆಯುತ್ತದೆ. ಅವನು ತೀರಿಕೊಂಡದ್ದು 1401ರ ಅಕ್ಟೋಬರ್ 1ರಂದು. ಮರಿಯನ್ ಅದಕ್ಕೂ ಮೊದಲೇ, 1386ರಲ್ಲಿ, ತೀರಿಕೊಂಡಿದ್ದಳು. ದೊರೆಗಳಿಗೂ ಸರದಾರರಿಗೂ ಬಿಷಪ್ಪರಿಗೂ ಮೀಸಲಾಗಿದ್ದ ಜಾಗದಲ್ಲಿ ಒಬ್ಬ ವ್ಯಾಪಾರಿಯನ್ನು ಮಣ್ಣು ಮಾಡಿ, ಅವನ ಕಸುಬನ್ನೇ ಬಿರುದಾಗಿ ಬರೆಸಿದ್ದಾರೆಂದರೆ, ಆ ಕಾಲದಲ್ಲಿ ಉಣ್ಣೆಗೆ ಇದ್ದ ಮರ್ಯಾದೆ ಎಂಥದ್ದೆಂದು ತಿಳಿಯಲು ಬೇರೆ ಸಾಕ್ಷಿ ಬೇಕಾಗಿಲ್ಲ.

ಕ್ಯಾಂಪ್ಡನ್ನಿಗೆ ಬರುವವರಲ್ಲಿ ಹೆಚ್ಚಿನವರು ಅಲ್ಲಿನ ಹೈ ಸ್ಟ್ರೀಟನ್ನು ನೋಡಲು ಬರುತ್ತಾರೆ. ಮೆಲ್ಲಗೆ ಬಾಗಿ ಸಾಗುವ ಬೀದಿ, ಇಕ್ಕೆಲದಲ್ಲೂ ಒಂದಕ್ಕೊಂದು ಅಂಟಿಕೊಂಡ ಜೇನುಬಣ್ಣದ ಸುಣ್ಣಕಲ್ಲಿನ ಮನೆಗಳು, ಚೂಪು ಮಾಡು, ಕಲ್ಲಿನದೇ ಹೆಂಚು. ಅದನ್ನು ಕಂಡು ನಾನೂ ಮೆಚ್ಚಿದೆ, ಇಂದಿಗೂ ಮೆಚ್ಚುತ್ತೇನೆ. ಆದರೆ ಆ ಊರಿನ ಬಗ್ಗೆ ಓದುತ್ತ ಹೋದಂತೆ ನನ್ನ ಮನಸ್ಸು ಹಿಡಿದದ್ದು ಬೇರೆ ಪ್ರಶ್ನೆಗಳಿಗೆ: ಈ ಕಲ್ಲಿಗೆ ಹಣ ಎಲ್ಲಿಂದ ಬಂತು, ಯಾರ ಕೈ ದಾಟಿ ಬಂತು, ಯಾರ ಕೈಯಲ್ಲಿ ಉಳಿಯಿತು, ಕೊನೆಗೆ ಎಲ್ಲಿಗೆ ಹೋಯಿತು. ಈ ಬೀದಿಯನ್ನು ಉಣ್ಣೆ ಕಟ್ಟಿತೆಂದು ಎಲ್ಲರೂ ಹೇಳುತ್ತಾರೆ, ಅದು ನಿಜ. ಆ ಬೀದಿ ಕಟ್ಟಿದ ಹಾಗೆಯೇ ಉಳಿದುಕೊಂಡದ್ದು ಉಣ್ಣೆ ಊರನ್ನು ಬಿಟ್ಟುಹೋದದ್ದರಿಂದ ಎಂಬುದೂ ಅಷ್ಟೇ ನಿಜ. ಈ ಎರಡನ್ನೂ ಒಟ್ಟಿಗೆ ಹೇಳದಿದ್ದರೆ ಕ್ಯಾಂಪ್ಡನ್ನಿನ ಕತೆ ಅರ್ಧಕ್ಕೇ ನಿಲ್ಲುತ್ತದೆ ಎಂದು ನನ್ನ ಅಭಿಪ್ರಾಯ.

ಸಂತೆ ಮೊದಲು ಬಂತು. 12ನೆಯ ಶತಮಾನದ ಕೊನೆಯ ಭಾಗದಲ್ಲಿ, ದೊರೆ 2ನೆಯ ಹೆನ್ರಿಯ ಆಳ್ವಿಕೆಯಲ್ಲಿ, ಊರಿನ ಒಡೆಯನಾಗಿದ್ದ ಹ್ಯೂ ಡಿ ಗಾಂಡೆವಿಲ್ ಇಲ್ಲಿ ಸಂತೆ ನಡೆಸಲು ಸನ್ನದು ಪಡೆದುಕೊಂಡ. ಆ ಕಾಲದ ಒಡೆಯರಿಗೆ ಹೊಸ ಪೇಟೆ ಎಂದರೆ ಒಳ್ಳೆಯ ಹೂಡಿಕೆ: ಅಂಗಡಿ ಜಾಗಕ್ಕೆ ಬಾಡಿಗೆ, ಮಾರಾಟಕ್ಕೆ ಸುಂಕ, ಪಂಚಾಯಿತಿಗೆ ದಂಡ, ಎಲ್ಲವೂ ಒಡೆಯನ ಬೊಕ್ಕಸಕ್ಕೆ ಬೀಳುತ್ತಿದ್ದವು. ಅದಕ್ಕಾಗಿ ಬೀದಿಯ ಎರಡೂ ಬದಿಗೆ ಮುಖ ಚಿಕ್ಕದಾಗಿ, ಹಿಂದಕ್ಕೆ ಉದ್ದವಾಗಿ ಚಾಚಿದ ನಿವೇಶನಗಳನ್ನು ಅಳೆದು ಕೊಡಲಾಯಿತು. ಮುಂದೆ ಅಂಗಡಿ ಅಥವಾ ಮನೆ, ಹಿಂದೆ ಕೊಟ್ಟಿಗೆ, ಗೋದಾಮು, ತರಕಾರಿ ಮಡಿ, ಕೊನೆಗೆ ಹಿತ್ತಿಲ ಓಣಿ. ಎಂಟು ಶತಮಾನಗಳ ನಂತರವೂ ಆ ಗಡಿಗೆರೆಗಳಲ್ಲಿ ಬಹಳಷ್ಟು ಹಾಗೆಯೇ ಇವೆ. ಬೀದಿಯ ಸೊಬಗನ್ನು ಕೊಂಡಾಡುವವರು ಮನೆಗಳ ಮುಖವನ್ನಷ್ಟೇ ನೋಡದೆ, ಹಿಂದಿನ ಓಣಿಯಲ್ಲೂ ಒಮ್ಮೆ ನಡೆಯಬೇಕು. ವ್ಯಾಪಾರಕ್ಕೆಂದು ಹಗ್ಗ ಹಿಡಿದು ಅಳೆದ ಊರು ಇದು ಎಂಬುದು ಅಲ್ಲಿ ಸ್ಪಷ್ಟವಾಗುತ್ತದೆ.

ಕಾಟ್ಸ್‌ವೋಲ್ಡ್ ಗುಡ್ಡಗಳ ಮೇಲೆ ಮಣ್ಣು ತೆಳು, ಅದರ ಕೆಳಗೆ ಸುಣ್ಣಕಲ್ಲು. ಮಳೆಯ ನೀರು ಬೇಗ ಇಂಗಿಹೋಗುವುದರಿಂದ ನೆಲ ಒಣಗಿಯೇ ಇರುತ್ತದೆ. ಒದ್ದೆ ನೆಲದಲ್ಲಿ ಕುರಿಗೆ ತಗಲುವ ಗೊರಸಿನ ಕೊಳೆರೋಗ ಇಲ್ಲಿ ಕಡಿಮೆ, ಹುಲ್ಲು ಗಿಡ್ಡವಾದರೂ ಸತ್ವವುಳ್ಳದ್ದು. ಉಳುಮೆಗೆ ಅಷ್ಟೇನೂ ಒಲಿಯದ ಈ ಎತ್ತರದ ನೆಲ ಕುರಿಗೆ ಹೇಳಿ ಮಾಡಿಸಿದಂತಿತ್ತು. ಇಲ್ಲಿನ ತುಪ್ಪಟಕ್ಕೆ ಸಮುದ್ರದಾಚೆ ದೊಡ್ಡ ಹೆಸರಿತ್ತು. ಫ್ಲಾಂಡರ್ಸ್ ಪ್ರಾಂತದ ನೇಕಾರಪೇಟೆಗಳೂ ಇಟಲಿಯ ಫ್ಲಾರೆನ್ಸ್ ನಗರದ ಬಟ್ಟೆ ಕಾರ್ಖಾನೆಗಳೂ ಇಂಗ್ಲಿಷ್ ಉಣ್ಣೆಯಿಲ್ಲದೆ ತಮ್ಮ ಉತ್ತಮ ದರ್ಜೆಯ ಬಟ್ಟೆಯನ್ನು ನೇಯುವಂತಿರಲಿಲ್ಲ. ಟಸ್ಕನಿಯ ಪ್ರಾಟೊ ಪಟ್ಟಣದ ವರ್ತಕ ಫ್ರಾನ್ಸೆಸ್ಕೊ ದತಿನಿ ಬಿಟ್ಟುಹೋದ ಕಾಗದಪತ್ರಗಳ ಅಪಾರ ಭಂಡಾರದಲ್ಲಿ ಕಾಟ್ಸ್‌ವೋಲ್ಡ್ ಉಣ್ಣೆಯ ಖರೀದಿಯ ಮಾತು ಬರುತ್ತದೆ. ಗ್ರೆವೆಲ್ ಬದುಕಿದ್ದ ಕಾಲವೂ ಅದೇ. ಆಲ್ಪ್ಸ್ ಪರ್ವತದಾಚೆಯ ಗದ್ದುಗೆಯಲ್ಲಿ ಕುಳಿತ ವ್ಯಾಪಾರಿಯೊಬ್ಬ ಈ ಗುಡ್ಡಗಳ ಕುರಿಯ ದರವನ್ನು ಕೇಳಿ ತಿಳಿದುಕೊಳ್ಳುತ್ತಿದ್ದ.

ಕುರಿಯ ಮೈಯಿಂದ ಹಡಗಿನವರೆಗೆ ಉಣ್ಣೆ ಸಾಗುತ್ತಿದ್ದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹಣ ಹುಟ್ಟುತ್ತಿದ್ದುದು ಆ ದಾರಿಯಲ್ಲಿ. ಬೇಸಿಗೆಯ ಆರಂಭಕ್ಕೆ ಹಿಂಡುಗಳನ್ನು ತೊರೆಗೆ ಹೊಡೆದು, ತೊರೆಗೆ ಅಡ್ಡಕಟ್ಟಿ ನಿಲ್ಲಿಸಿದ ನೀರಿನಲ್ಲಿ ಒಂದೊಂದನ್ನೇ ಹಿಡಿದು ತೊಳೆಯುತ್ತಿದ್ದರು. ಮೈ ಒಣಗಿ, ಉಣ್ಣೆಯ ಜಿಡ್ಡು ಮತ್ತೆ ಏರುವ ತನಕ ಕೆಲವು ದಿನ ಬಿಟ್ಟು ಕತ್ತರಿ ಹಾಕುತ್ತಿದ್ದರು. ಪಳಗಿದ ಕೈ ಇಡೀ ತುಪ್ಪಟವನ್ನು ಹರಿಯದಂತೆ ಒಂದೇ ಹಾಳೆಯಾಗಿ ತೆಗೆದು, ಮಡಚಿ, ಸುತ್ತಿ ಇಡುತ್ತಿತ್ತು. ಆಮೇಲೆ ವಿಂಗಡಣೆ. ಭುಜದ ಉಣ್ಣೆ ಒಂದು ತೆರ, ತೊಡೆಯದು ಇನ್ನೊಂದು ತೆರ. ಕೊಳೆ ಹಿಡಿದದ್ದು, ಸತ್ತ ಕುರಿಯ ಚರ್ಮದಿಂದ ಕಿತ್ತದ್ದು ಬೇರೆ. ವ್ಯಾಪಾರದ ಕಡತಗಳಲ್ಲಿ ಉತ್ತಮ ಕಾಟ್ಸ್‌ವೋಲ್ಡ್, ಮಧ್ಯಮ ಕಾಟ್ಸ್‌ವೋಲ್ಡ್ ಎಂಬ ದರ್ಜೆಗಳೇ ಇದ್ದವು. ವಿಂಗಡಿಸಿದ್ದನ್ನು ದಪ್ಪ ಕ್ಯಾನ್ವಾಸಿನ ಮೂಟೆಗಳಲ್ಲಿ ತುಳಿದು ತುಂಬಿ, ಹೊಲಿದು, ವರ್ತಕನ ಗುರುತು ಹಾಕಿ, ಹೇರುಕುದುರೆಗಳ ಮೇಲೆ ರೇವಿಗೆ ಸಾಗಿಸುತ್ತಿದ್ದರು.

ಲೆಕ್ಕದ ಮಾನಕ್ಕೆ ಸ್ಯಾಕ್ ಎಂದು ಹೆಸರು. ಒಂದು ಸ್ಯಾಕ್ ಎಂದರೆ 364 ಪೌಂಡ್, ಅಂದರೆ ಸುಮಾರು 165 ಕಿಲೋ. ಆಗಿನ ಕುರಿಗಳು ಸಣ್ಣವು, ಒಂದರ ಮೈಯಿಂದ ಒಂದು ಕಿಲೋ ಉಣ್ಣೆಯೂ ಸಿಗುತ್ತಿರಲಿಲ್ಲ. ಒಂದು ಸ್ಯಾಕ್ ತುಂಬಲು ಇನ್ನೂರಕ್ಕಿಂತ ಹೆಚ್ಚು ಕುರಿಗಳ ತುಪ್ಪಟ ಬೇಕಾಗುತ್ತಿತ್ತು. 14ನೆಯ ಶತಮಾನದ ಆರಂಭದ ಒಳ್ಳೆಯ ವರ್ಷಗಳಲ್ಲಿ ಇಂಗ್ಲೆಂಡಿನಿಂದ ಹೊರಹೋಗುತ್ತಿದ್ದುದು 40,000 ಸ್ಯಾಕ್‌ಗೂ ಮಿಕ್ಕಿದ ಉಣ್ಣೆ. ಈ ಎರಡು ಅಂಕಿಗಳನ್ನು ಗುಣಿಸಿ ನೋಡಿದರೆ ಆ ಪುಟ್ಟ ನಾಡಿನ ಹುಲ್ಲುಗಾವಲುಗಳ ಮೇಲೆ ಎಷ್ಟು ಲಕ್ಷ ಕುರಿಗಳಿದ್ದವೆಂಬ ಅಂದಾಜು ಸಿಗುತ್ತದೆ. ಅವೆಲ್ಲವನ್ನೂ ವರ್ಷಕ್ಕೊಮ್ಮೆ ಕೈಯಿಂದಲೇ ತೊಳೆದು, ಕೈಯಿಂದಲೇ ಕತ್ತರಿಸಬೇಕಾಗಿತ್ತು.

1363ರಿಂದಾಚೆಗೆ ಉಣ್ಣೆಯ ರಫ್ತನ್ನು ಕಲೇ ಬಂದರಿಗೆ ಕಟ್ಟಿಹಾಕಲಾಯಿತು. ಫ್ರಾನ್ಸಿನ ಕರಾವಳಿಯ ಈ ಊರು ಆಗ ಇಂಗ್ಲಿಷ್ ದೊರೆಯ ವಶದಲ್ಲಿತ್ತು. ಉಣ್ಣೆಯನ್ನು ಅಲ್ಲಿಗೆ ಒಯ್ದು, ಅಲ್ಲಿನ ವರ್ತಕ ಸಂಘದ ಕಣ್ಣೆದುರಿಗೆ ತೂಗಿ, ಸುಂಕ ಕಟ್ಟಿ ಮಾರಬೇಕು. ಸುಂಕ ವಸೂಲಿಗೂ ಬೆಲೆಯ ಹಿಡಿತಕ್ಕೂ ದೊರೆಗೆ ಇದು ಅನುಕೂಲ; ಸಂಘದೊಳಗಿನ ವರ್ತಕರಿಗೆ ಏಕಸ್ವಾಮ್ಯ. ಗುಡ್ಡದ ಕುರಿ ಸಾಕುವವನಿಗೂ ಕಲೇ ರೇವಿನ ಕೊಳ್ಳುಗನಿಗೂ ನಡುವೆ ಕ್ಯಾಂಪ್ಡನ್, ನಾರ್ತ್‌ಲೀಚ್, ಬರ್ಫರ್ಡ್, ಸೈರನ್‌ಸೆಸ್ಟರ್‌ನಂಥ ಪೇಟೆಗಳ ದಲ್ಲಾಳಿಗಳೂ ವರ್ತಕರೂ ನಿಂತರು.

ಈ ನಡುವಿನ ಲೋಕ ಹೇಗಿತ್ತೆಂಬುದನ್ನು ಲಂಡನ್ನಿನ ಸೆಲಿ ಮನೆತನದ ಪತ್ರಗಳು ತೋರಿಸುತ್ತವೆ. 1470 ಮತ್ತು 1480ರ ದಶಕಗಳ ಈ ಪತ್ರಗಳು ಒಂದು ವ್ಯಾಜ್ಯದಲ್ಲಿ ದಾಖಲೆಗಳಾಗಿ ನ್ಯಾಯಾಲಯ ಸೇರಿದ್ದರಿಂದಲೇ ಉಳಿದವು. ಸೆಲಿಗಳು ಕಾಟ್ಸ್‌ವೋಲ್ಡಿಗೆ ಬಂದು ಉಣ್ಣೆ ಕೊಳ್ಳುತ್ತಿದ್ದರು, ಅವರಿಗೆ ಮಾಲು ಒದಗಿಸುತ್ತಿದ್ದವರಲ್ಲಿ ನಾರ್ತ್‌ಲೀಚಿನ ವಿಲಿಯಂ ಮಿಡ್‌ವಿಂಟರ್ ಮುಖ್ಯನು. ವ್ಯವಹಾರವೆಲ್ಲ ಉದ್ರಿಯದು. ಕಲೇಯಲ್ಲಿ ಮಾಲು ಕೊಂಡವನು ಮುಂದಿನ ಜಾತ್ರೆಗೆ ಹಣ ಕೊಡುತ್ತೇನೆನ್ನುವನು, ಅವನು ಕೊಡುವ ತನಕ ಸೆಲಿಗಳು ಮಿಡ್‌ವಿಂಟರನಿಗೆ ಕೊಡಲಾರರು, ಮಿಡ್‌ವಿಂಟರನ ಬಾಗಿಲಲ್ಲಿ ಕುರಿ ಸಾಕಿದವರು ಬಂದು ಕುಳಿತಿರುವರು. ಬಾಕಿ ಕೇಳಿಕೊಂಡು ಅವನು ಲಂಡನ್ನಿಗೇ ಹೊರಟು ಬಂದರೆ ಅಣ್ಣತಮ್ಮಂದಿರಿಗೆ ಕಳವಳ. ಉಣ್ಣೆ ವ್ಯಾಪಾರವೆಂದರೆ ಚಿನ್ನದ ಮಳೆ ಎಂದು ಚರ್ಚುಗಳ ಗೋಪುರ ನೋಡಿ ಭಾವಿಸಿದ್ದವರಿಗೆ ಈ ಪತ್ರಗಳನ್ನು ಓದಿದಾಗ ಅದರ ಇನ್ನೊಂದು ಮುಖ ಕಾಣುತ್ತದೆ. ಎಲ್ಲರೂ ಎಲ್ಲರಿಗೂ ಸಾಲಗಾರರು, ಯುದ್ಧದ ಸುದ್ದಿ ಬಂದರೆ ನಾಣ್ಯದ ಬೆಲೆ ಬೀಳುವ ಭಯ, ಸಮುದ್ರದಲ್ಲಿ ಕಳ್ಳರ ಭಯ. 1482ರ ಒಂದು ಪತ್ರದಲ್ಲಿ ತಮ್ಮಂದಿರಲ್ಲಿ ಒಬ್ಬನಾದ ರಿಚರ್ಡ್, ಉಣ್ಣೆ ನೋಡಲು ನಾರ್ತ್‌ಲೀಚಿಗೆ ಹೋದವನು ಅಲ್ಲಿನ ಚರ್ಚಿನಲ್ಲಿ ಹೆಣ್ಣನ್ನೂ ನೋಡಿಕೊಂಡು ಬಂದ ವಿಷಯವನ್ನು ಬರೆಯುತ್ತಾನೆ. ಹುಡುಗಿಯ ತಂದೆ ಆ ಸೀಮೆಯ ಸಿರಿವಂತ. ಸಂಬಂಧ ಮಾತ್ರ ಕೂಡಿಬರಲಿಲ್ಲ. ವ್ಯಾಪಾರವೂ ಬೀಗತನವೂ ಒಂದೇ ಪಯಣದಲ್ಲಿ ನಡೆಯುತ್ತಿದ್ದ ಆ ಬದುಕು ನನಗೆ ಬಹಳ ಹತ್ತಿರದ್ದೆನಿಸುತ್ತದೆ.

ಕ್ಯಾಂಪ್ಡನ್ನಿನ ಗ್ರೆವೆಲ್ ಈ ದಲ್ಲಾಳಿಗಳ ಸಾಲಿನಲ್ಲಿ ತುದಿಗೇರಿದವನು. ಹೈ ಸ್ಟ್ರೀಟಿನಲ್ಲಿ ಅವನ ಮನೆ ಇಂದಿಗೂ ಇದೆ. ಸುಮಾರು 1380ರಲ್ಲಿ ಕಟ್ಟಿದ ಆ ಮನೆಯ ಮುಂಗಡೆ ಎರಡು ಅಂತಸ್ತಿನಷ್ಟು ಎತ್ತರಕ್ಕೆ ಚಾಚಿದ ಕಿಟಕಿಯ ಕಲ್ಲಿನ ಕೆತ್ತನೆಯನ್ನು ನೋಡಿದರೆ, ಚರ್ಚಿನ ಕೆಲಸಕ್ಕೆ ಬಂದ ಶಿಲ್ಪಿಗಳ ಕೈಯಲ್ಲೇ ಇದನ್ನೂ ಮಾಡಿಸಿರಬೇಕೆಂದು ಅನಿಸುತ್ತದೆ. ಎದುರುಬದಿಯಲ್ಲಿರುವ ವೂಲ್‌ಸ್ಟೇಪ್ಲರ್ಸ್ ಹಾಲ್ ಅದಕ್ಕೂ ಹಳೆಯದು. ಅದನ್ನು 14ನೆಯ ಶತಮಾನದಲ್ಲಿ ಕಟ್ಟಿಸಿದವನು ರಾಬರ್ಟ್ ಕಾಫ್ ಎಂಬ ಇನ್ನೊಬ್ಬ ಉಣ್ಣೆ ವರ್ತಕ. ಗ್ರೆವೆಲ್ ತನ್ನ ಉಯಿಲಿನಲ್ಲಿ ಊರ ಚರ್ಚಿನ ಕಟ್ಟಡಕ್ಕೆ 100 ಮಾರ್ಕ್ ಬಿಟ್ಟ. ಮಾರ್ಕ್ ಎಂದರೆ ಪೌಂಡಿನ ಮೂರರಲ್ಲಿ ಎರಡು ಪಾಲು. ಚರ್ಚು ಈಗಿನ ಭವ್ಯ ರೂಪ ಪಡೆದದ್ದು ಅವನ ಮುಂದಿನ ತಲೆಮಾರುಗಳಲ್ಲಿ, 15ನೆಯ ಶತಮಾನದಲ್ಲಿ. ಸುಮಾರು 120 ಅಡಿಯ ಗೋಪುರ ಏಳುವ ಹೊತ್ತಿಗೆ 1500 ಸಮೀಪಿಸಿತ್ತು.

ಹಣದ ದೊಡ್ಡ ಪಾಲು ಚರ್ಚಿಗೂ ಹೋಗಲಿಲ್ಲ, ಬೀದಿಯಲ್ಲೂ ಉಳಿಯಲಿಲ್ಲ. ಅದು ಭೂಮಿಯಾಯಿತು. ಗ್ರೆವೆಲ್ ತನ್ನ ಕೊನೆಗಾಲದಲ್ಲಿ ವಾರಿಕ್‌ಶೈರಿನ ಮಿಲ್ಕೋಟ್ ಎಂಬ ಜಹಗೀರನ್ನು ಕೊಂಡ. ಅವನ ವಂಶದವರು ಮುಂದೆ ಗ್ರೆವಿಲ್ ಎಂಬ ಹೆಸರಿನಲ್ಲಿ ಜಮೀನುದಾರರಾದರು, ಅರಮನೆಯ ಓಲಗ ಸೇರಿದರು; ಅವರಲ್ಲಿ ಒಬ್ಬನಾದ ಫುಲ್ಕ್ ಗ್ರೆವಿಲ್‌ಗೆ 1604ರಲ್ಲಿ ವಾರಿಕ್ ಕೋಟೆಯೇ ಸಿಕ್ಕಿತು. ಉಣ್ಣೆ ಮಾರಿದವನ ಸಂತಾನ ಎರಡು ಶತಮಾನಗಳಲ್ಲಿ ಇಂಗ್ಲೆಂಡಿನ ದೊಡ್ಡ ಕೋಟೆಯೊಂದರ ಒಡೆತನಕ್ಕೆ ಏರಿತು. ಇಂಗ್ಲಿಷ್ ಕುಲೀನರ ಎಷ್ಟೋ ವಂಶವೃಕ್ಷಗಳ ಬುಡದಲ್ಲಿ ಹೀಗೊಬ್ಬ ವರ್ತಕ ನಿಂತಿರುತ್ತಾನೆ.

ಆದರೆ ತೊರೆಯ ನೀರಿನಲ್ಲಿ ಸೊಂಟದವರೆಗೆ ನಿಂತು ಕುರಿ ತೊಳೆದವರ ಹೆಸರು ಯಾವ ಹಿತ್ತಾಳೆಯಲ್ಲೂ ಇಲ್ಲ. ಕ್ಯಾಂಪ್ಡನ್ನಿನಿಂದ ನೈರುತ್ಯಕ್ಕಿರುವ ವಿಂಚ್‌ಕೋಂಬ್ ಮಠಕ್ಕೆ ಸಾವಿರಗಟ್ಟಲೆ ಕುರಿಗಳಿದ್ದವು. ಅವನ್ನು ಶರ್ಬರ್ನ್ ಎಂಬ ಹಳ್ಳಿಗೆ ಹೊಡೆದು ತಂದು ತೊಳೆದು ಕತ್ತರಿಸುತ್ತಿದ್ದರು, ಆ ಕೆಲಸ ಅಲ್ಲಿನ ಒಕ್ಕಲುಗಳ ಪಾಲಿನ ಬಿಟ್ಟಿಚಾಕರಿಯಾಗಿತ್ತು. ತಮ್ಮ ತುಂಡು ನೆಲಕ್ಕೆ ಪ್ರತಿಯಾಗಿ ಒಡೆಯನಿಗೆ ಸಲ್ಲಿಸಬೇಕಾದ ದುಡಿಮೆಯಲ್ಲಿ ಅದೂ ಒಂದು. ಮಠದ ಲೆಕ್ಕಪತ್ರಗಳಲ್ಲಿ ಕುರಿಗಳ ಎಣಿಕೆ ಇದೆ, ಉಣ್ಣೆಯ ತೂಕ ಇದೆ. ದುಡಿದವರು ಮಾತ್ರ ಸಲ್ಲಿಸಬೇಕಾದ ದಿನಗಳ ಸಂಖ್ಯೆಯಾಗಿ ಬರುತ್ತಾರೆ. ನಾರ್ತ್‌ಲೀಚ್ ಚರ್ಚಿನ ಹಿತ್ತಾಳೆ ಫಲಕಗಳಲ್ಲಿ ವರ್ತಕ ಜಾನ್ ಫೋರ್ಟಿ ಒಂದು ಕಾಲನ್ನು ಕುರಿಯ ಮೇಲೂ ಇನ್ನೊಂದನ್ನು ಉಣ್ಣೆಯ ಮೂಟೆಯ ಮೇಲೂ ಇಟ್ಟು ನಿಂತಿದ್ದಾನೆ. ಆ ಕುರಿಗೆ ಅಲ್ಲಿ ಸಿಕ್ಕ ಜಾಗ ಅದನ್ನು ಕಾದವನಿಗೆ ಸಿಗಲಿಲ್ಲವೆಂಬುದು ನನ್ನನ್ನು ಇಂದಿಗೂ ಕಾಡುವ ಸಂಗತಿ.

ಇದಕ್ಕಿಂತ ಕಠಿಣವಾದ ಸಾಕ್ಷಿ ನೆಲದಲ್ಲೇ ಇದೆ. 1348 ಮತ್ತು 1349ರ ಮಹಾಪಿಡುಗಿನಲ್ಲಿ ಇಂಗ್ಲೆಂಡಿನ ಜನಸಂಖ್ಯೆಯ ಮೂರನೆಯ ಒಂದು ಪಾಲಿಗೂ ಹೆಚ್ಚು ಮಂದಿ ಸತ್ತರು. ಉಳುವವರು ಸಿಗದೆ ಕೂಲಿ ಏರಿತು, ಧಾನ್ಯ ಕೊಳ್ಳುವವರೂ ಕಡಿಮೆಯಾದರು; ನೂರಾರು ಕುರಿಗೆ ಒಬ್ಬ ಕುರಿಗಾಹಿ ಸಾಕು ಎಂದ ಮೇಲೆ ಒಡೆಯರು ಹೊಲಗಳನ್ನು ಹುಲ್ಲಿಗೆ ಬಿಟ್ಟರು. ಪಿಡುಗಿನಿಂದ ಸೊರಗಿದ ಹಳ್ಳಿಗಳಲ್ಲಿ ಉಳಿದ ಕೆಲವರೂ ಮೆಲ್ಲಗೆ ಹೊರಟುಹೋದರು, ಕೆಲವೆಡೆ ಅವರನ್ನು ಹೊರಡಿಸಲಾಯಿತು. ಕ್ಯಾಂಪ್ಡನ್ನಿಗೆ ಹತ್ತಿರದ ಬ್ಲಾಕ್ಲಿ ಗ್ರಾಮದ ಬಳಿ ಅಪ್ಟನ್ ಎಂಬ ಹಳ್ಳಿಯಿತ್ತು. ಅದು ಮಧ್ಯಯುಗದಲ್ಲೇ ಬರಿದಾಗಿ ಕುರಿ ಮೇಯುವ ಜಾಗವಾಯಿತು. 20ನೆಯ ಶತಮಾನದಲ್ಲಿ ಪುರಾತತ್ವಜ್ಞರು ಅಗೆದಾಗ ಮನೆಗಳ ಅಡಿಪಾಯ ಸಿಕ್ಕಿತು. ಕ್ಯಾಂಪ್ಡನ್ನಿನ ಸುತ್ತಲಿನ ಹುಲ್ಲುಗಾವಲುಗಳಲ್ಲಿ ಸಂಜೆಯ ಓರೆಬಿಸಿಲು ಬಿದ್ದಾಗ, ನೆಲ ಅಲೆಅಲೆಯಾಗಿ ಎದ್ದು ಬಿದ್ದಿರುವುದು ಕಾಣಿಸುತ್ತದೆ. ಅವು ಮಧ್ಯಯುಗದ ನೇಗಿಲುಗಳು ಬಿಟ್ಟುಹೋದ ದಿಂಡು ಮತ್ತು ಸಾಲು. ಮುಂದೆ ಉಳುಮೆ ನಿಂತು ಹುಲ್ಲು ಹಬ್ಬಿದ್ದರಿಂದಲೇ ಆ ಗೆರೆಗಳು ಅಳಿಯದೆ ಉಳಿದವು. ಅಲ್ಲಿ ಮೊದಲು ಅನ್ನ ಬೆಳೆಯುತ್ತಿದ್ದರು ಎಂದು ಕುರಿಗಳ ಕಾಲಡಿಯ ನೆಲವೇ ಹೇಳುತ್ತದೆ.

ಇಷ್ಟು ಲಾಭದ ಉಣ್ಣೆ ಕ್ಯಾಂಪ್ಡನ್ನಿನ ಕೈಬಿಟ್ಟದ್ದು ಏಕೆ? ಇದಕ್ಕೆ ಉತ್ತರ ಸುಂಕದ ಲೆಕ್ಕದಲ್ಲಿದೆ. 1275ರಲ್ಲಿ 1ನೆಯ ಎಡ್ವರ್ಡ್ ಪ್ರತಿ ಸ್ಯಾಕಿಗೆ ಅರ್ಧ ಮಾರ್ಕ್, ಅಂದರೆ 6 ಶಿಲಿಂಗ್ 8 ಪೆನ್ಸ್ (12 ಪೆನ್ಸಿಗೆ ಒಂದು ಶಿಲಿಂಗ್), ಕಾಯಂ ಸುಂಕ ಹಾಕಿದ. 3ನೆಯ ಎಡ್ವರ್ಡ್ ಫ್ರಾನ್ಸಿನ ಮೇಲೆ ನೂರು ವರ್ಷದ ಯುದ್ಧವನ್ನು ಆರಂಭಿಸಿದಾಗ ಸೈನ್ಯದ ಖರ್ಚಿಗೆ ಉಣ್ಣೆಯನ್ನೇ ನೆಚ್ಚಿದ. ಹೆಚ್ಚುವರಿ ಸುಂಕ ಸ್ಯಾಕಿಗೆ 40 ಶಿಲಿಂಗಿನವರೆಗೆ ಏರಿತು. ಇಂಗ್ಲೆಂಡಿನ ಮೇಲ್ಮನೆಯ ಅಧ್ಯಕ್ಷಪೀಠ ಉಣ್ಣೆ ತುಂಬಿದ ದೊಡ್ಡ ದಿಂಬಾಗಿರುವುದು ಆ ಕಾಲದ ನೆನಪೆಂದು ಹೇಳುತ್ತಾರೆ. ಅದೇ ಹೊತ್ತಿಗೆ ನೇಯ್ದ ಬಟ್ಟೆಯ ರಫ್ತಿನ ಮೇಲೆ 1347ರಲ್ಲಿ ಹಾಕಿದ ಸುಂಕ, ಇಂಗ್ಲಿಷ್ ವರ್ತಕನಿಗೆ, ಒಂದು ಅಗಲ ಬಟ್ಟೆಗೆ 14 ಪೆನ್ಸ್ ಮಾತ್ರ. ಒಂದು ಸ್ಯಾಕ್ ಉಣ್ಣೆಯಿಂದ ಅಂಥ ನಾಲ್ಕಕ್ಕೂ ಸ್ವಲ್ಪ ಹೆಚ್ಚು ಬಟ್ಟೆಗಳಾಗುತ್ತಿದ್ದವು. ಹಾಗಾದರೆ ಅದೇ ಉಣ್ಣೆ ಕಚ್ಚಾ ರೂಪದಲ್ಲಿ ಕಡಲು ದಾಟಿದರೆ 40 ಶಿಲಿಂಗಿಗೂ ಮೇಲೆ ಸುಂಕ, ಬಟ್ಟೆಯಾಗಿ ದಾಟಿದರೆ 5 ಶಿಲಿಂಗಿನ ಆಸುಪಾಸು. ಯುದ್ಧದ ಖರ್ಚಿಗೆಂದು ಹಾಕಿದ ಸುಂಕ ಇಂಗ್ಲೆಂಡಿನ ನೇಕಾರರಿಗೆ ಯಾರೂ ಯೋಜಿಸದ ರಕ್ಷಣೆಯಾಯಿತು. 15ನೆಯ ಶತಮಾನದಲ್ಲಿ ಬಟ್ಟೆಯ ರಫ್ತು ಮೇಲೇರಿ ಕಚ್ಚಾ ಉಣ್ಣೆಯ ರಫ್ತು ಕುಗ್ಗುತ್ತ ಬಂತು, 1558ರಲ್ಲಿ ಕಲೇ ಫ್ರೆಂಚರ ವಶವಾದಾಗ ಆ ವ್ಯಾಪಾರದ ಹಳೆಯ ಕಟ್ಟೆಯೇ ಕುಸಿಯಿತು.

ಬಟ್ಟೆಗೆ ಬೇಕಾದದ್ದು ಹುಲ್ಲಿಗಿಂತ ಹೆಚ್ಚಾಗಿ ನೀರು. ನೇಯ್ದ ಉಣ್ಣೆಬಟ್ಟೆಯನ್ನು ನೀರಿನಲ್ಲಿ ನೆನೆಸಿ, ಜೇಡಿಮಣ್ಣು ಹಾಕಿ, ನೀರಚಕ್ರದಿಂದ ಎದ್ದು ಬೀಳುವ ಮರದ ಕೊಡತಿಗಳಿಂದ ಬಡಿದು ಗಟ್ಟಿ ಮಾಡಬೇಕು. ಅದಕ್ಕೆ ರಭಸದ ತೊರೆಗಳುಳ್ಳ ಕಿರಿದಾದ ಕಣಿವೆಗಳು ಬೇಕು. ಅವು ದಕ್ಷಿಣದ ಸ್ಟ್ರೌಡ್ ಸುತ್ತಮುತ್ತ ಇದ್ದವು, ಕ್ಯಾಂಪ್ಡನ್ನಿನಲ್ಲಿ ಇದ್ದದ್ದು ಸಣ್ಣ ಹಳ್ಳ. ಸ್ಟ್ರೌಡ್ ಕಣಿವೆಗಳು ಗಿರಣಿಗಳಿಂದ ತುಂಬಿ ಇಂಗ್ಲಿಷ್ ಸೈನ್ಯದ ಕೆಂಪು ಅಂಗಿಗೆ ಬಟ್ಟೆ ಒದಗಿಸುವಷ್ಟು ಬೆಳೆದವು. ಕ್ಯಾಂಪ್ಡನ್ ಸುತ್ತಲ ಹಳ್ಳಿಗಳ ಸಂತೆಯಾಗಿ ಉಳಿಯಿತು.

ಹೈ ಸ್ಟ್ರೀಟಿನ ನಡುವೆ ನಿಂತಿರುವ ಕಮಾನುಗಳ ಸಂತೆಕಟ್ಟೆಯನ್ನು ನೋಡಿ ಇಲ್ಲೇ ಉಣ್ಣೆ ಮಾರುತ್ತಿದ್ದರೆಂದು ಬಹಳ ಜನ ತಿಳಿಯುತ್ತಾರೆ. ಅದು ಹಾಗಲ್ಲ. ಅದನ್ನು 1627ರಲ್ಲಿ ಕಟ್ಟಿಸಿದ್ದು ಬೆಣ್ಣೆ, ಗಿಣ್ಣು, ಕೋಳಿ ಮಾರುವವರಿಗೆ ಮಳೆಬಿಸಿಲಿನ ಆಸರೆಗೆಂದು. ಗ್ರೆವೆಲ್ ಸತ್ತು ಆಗಲೇ ಎರಡು ಶತಮಾನ ಕಳೆದಿದ್ದವು. ಕಟ್ಟಿಸಿದ ಸರ್ ಬ್ಯಾಪ್ಟಿಸ್ಟ್ ಹಿಕ್ಸ್ ಕೂಡ ಉಣ್ಣೆಯವನಲ್ಲ, ಲಂಡನ್ನಿನ ಚೀಪ್‌ಸೈಡಿನಲ್ಲಿ ರೇಷ್ಮೆ ಮತ್ತು ಮಖಮಲ್ಲು ಮಾರಿ, ದೊರೆ 1ನೆಯ ಜೇಮ್ಸ್‌ಗೆ ಸಾಲ ಕೊಟ್ಟು ಸಿರಿವಂತನಾದವನು. ಊರಿನ ಒಡೆತನವನ್ನು ಕೊಂಡ ಅವನು 1612ರಲ್ಲಿ ಆರು ಮಂದಿ ಬಡ ಮುದುಕರಿಗೂ ಆರು ಮಂದಿ ಮುದುಕಿಯರಿಗೂ ಸಾಲುಮನೆಗಳನ್ನು ಕಟ್ಟಿಸಿದ. ಅವು ಇಂದಿಗೂ ವೃದ್ಧರ ಮನೆಗಳಾಗಿಯೇ ನಡೆಯುತ್ತಿವೆ, ಊರಿನ ಕಟ್ಟಡಗಳಲ್ಲೆಲ್ಲ ನನಗೆ ಹೆಚ್ಚು ಗೌರವ ಹುಟ್ಟಿಸಿದ್ದು ಅವೇ. ಚರ್ಚಿನ ಪಕ್ಕದಲ್ಲಿ ತನಗಾಗಿ ಕಟ್ಟಿಸಿಕೊಂಡ ವೈಭವದ ಬಂಗಲೆ ಮಾತ್ರ ಅಲ್ಪಾಯುಷಿಯಾಯಿತು. 1645ರಲ್ಲಿ, ಅಂತರ್ಯುದ್ಧದ ನಡುವೆ, ಅದನ್ನು ಠಾಣ್ಯ ಮಾಡಿಕೊಂಡಿದ್ದ ದೊರೆಯ ಕಡೆಯ ಸೈನ್ಯವೇ ಊರು ಬಿಡುವಾಗ, ಶತ್ರುವಿಗೆ ಸಿಗಬಾರದೆಂದು ಬೆಂಕಿ ಇಟ್ಟಿತು. ಹೆಬ್ಬಾಗಿಲು, ಅತಿಥಿಗಳ ಔತಣಕ್ಕೆಂದು ಕಟ್ಟಿದ್ದ ಎರಡು ಪುಟ್ಟ ಮಂಟಪಗಳು, ಒಂದಿಷ್ಟು ಮೊಂಡುಗೋಡೆ ಉಳಿದಿವೆ.

ಆಮೇಲಿನ ಎರಡೂವರೆ ಶತಮಾನ ಕ್ಯಾಂಪ್ಡನ್ನಿನಲ್ಲಿ ದೊಡ್ಡ ಹಣ ಓಡಾಡಲಿಲ್ಲ. 18ನೆಯ ಶತಮಾನದಲ್ಲಿ ಒಂದು ರೇಷ್ಮೆ ಗಿರಣಿ ಬಂದು ಹೋಯಿತು. 1853ರಲ್ಲಿ ರೈಲು ಬಂದರೂ ನಿಲ್ದಾಣ ಊರಿಂದ ದೂರದಲ್ಲಿತ್ತು, ಕಾರ್ಖಾನೆಗಳು ಬರಲಿಲ್ಲ. ಬೇರೆ ಪೇಟೆಗಳಲ್ಲಿ ಹಳೆಯ ಮನೆಗಳನ್ನು ಕೆಡವಿ ಇಟ್ಟಿಗೆಯ ಸಾಲುಮನೆಗಳನ್ನೂ ಗಾಜಿನ ಅಂಗಡಿಗಳನ್ನೂ ಕಟ್ಟುತ್ತಿದ್ದ ಕಾಲದಲ್ಲಿ ಇಲ್ಲಿ ಕೆಡವಲೂ ಹಣವಿರಲಿಲ್ಲ, ಕಟ್ಟಲೂ ಕಾರಣವಿರಲಿಲ್ಲ. ಇಂದು ಪ್ರವಾಸಿಗರು ಚಿತ್ರ ತೆಗೆದುಕೊಳ್ಳುವ ಬೀದಿ ಬಡತನ ಕಾಪಾಡಿಕೊಟ್ಟ ಬೀದಿ. ಸೋರುವ ಮಾಡಿನ ಕೆಳಗೆ, ಕೃಷಿಕೂಲಿಯ ಅಲ್ಪ ಸಂಪಾದನೆಯಲ್ಲಿ ಬದುಕಿದ ತಲೆಮಾರುಗಳಿಗೆ ಅದು ಚೆಲುವಾಗಿ ಕಂಡಿತೋ ಇಲ್ಲವೋ, ಆ ಚೆಲುವಿನ ಬೆಲೆಯನ್ನಂತೂ ತೆತ್ತವರು ಅವರೇ.

1902ರಲ್ಲಿ ಸಿ. ಆರ್. ಆ್ಯಶ್‌ಬಿ ಎಂಬ ವಾಸ್ತುಶಿಲ್ಪಿ ಲಂಡನ್ನಿನ ಪೂರ್ವಭಾಗದಿಂದ ತನ್ನ ಗಿಲ್ಡ್ ಆಫ್ ಹ್ಯಾಂಡಿಕ್ರಾಫ್ಟ್ ಸಂಘವನ್ನು, ಅಕ್ಕಸಾಲಿಗರು, ಬಡಗಿಗಳು, ಕಮ್ಮಾರರು, ಅವರ ಹೆಂಡಿರುಮಕ್ಕಳ ಸಮೇತ, ಇಲ್ಲಿಗೆ ಕರೆತಂದದ್ದು ಆ ಖಾಲಿ ಬಿದ್ದ ರೇಷ್ಮೆ ಗಿರಣಿ ಸುಲಭವಾಗಿ ಸಿಕ್ಕಿದ್ದರಿಂದ. ಯಂತ್ರಗಳಿಗೆ ಎದುರಾಗಿ ಕೈಕಸುಬನ್ನು ನಿಲ್ಲಿಸುವ ಅವರ ಪ್ರಯೋಗ ಲಂಡನ್ನಿನ ಗಿರಾಕಿಗಳಿಂದ ದೂರವಾಗಿ ಕೆಲವೇ ವರ್ಷಗಳಲ್ಲಿ ನಷ್ಟಕ್ಕೆ ಬಿತ್ತು, 1908ರ ವೇಳೆಗೆ ಸಂಘ ಮುಚ್ಚಿತು. ಕೆಲವರು ಊರಲ್ಲೇ ಉಳಿದರು. ಬೆಳ್ಳಿ ಕೆಲಸದ ಹಾರ್ಟ್ ಮನೆತನದ ಕಾರ್ಯಾಗಾರ ಅದೇ ಗಿರಣಿಯಲ್ಲಿ ಮುಂದುವರಿಯಿತು. ಅವರ ಹಿಂದೆ ಬಂದ ಚಿತ್ರಕಾರ ಎಫ್. ಎಲ್. ಗ್ರಿಗ್ಸ್ ಊರನ್ನು ಕಾಪಾಡುವುದನ್ನೇ ಬದುಕಿನ ಕೆಲಸವಾಗಿ ಮಾಡಿಕೊಂಡ. ಪಕ್ಕದ ಡೋವರ್ಸ್ ಹಿಲ್ ಗುಡ್ಡ 1920ರ ದಶಕದಲ್ಲಿ ಮಾರಾಟಕ್ಕೆ ಬಂದಾಗ ಅದು ಹೋಟೆಲಿನವರ ಪಾಲಾಗದಂತೆ ತಡೆದು, ನಾಡಿನ ಹಳೆಯ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ಸೇರುವಂತೆ ಮಾಡಿದ, 1929ರಲ್ಲಿ ಕ್ಯಾಂಪ್ಡನ್ ಟ್ರಸ್ಟ್ ಕಟ್ಟಿದವರಲ್ಲಿ ಒಬ್ಬನಾದ. 1940ರ ದಶಕದಲ್ಲಿ ಸಂತೆಕಟ್ಟೆಯನ್ನೇ ಕೊಂಡು ಅಮೆರಿಕಕ್ಕೆ ಸಾಗಿಸುವ ಮಾತು ಎದ್ದಾಗ ಊರವರು ಚಂದಾ ಎತ್ತಿ ಅದನ್ನು ಉಳಿಸಿಕೊಂಡು, ಅದನ್ನೂ ನ್ಯಾಷನಲ್ ಟ್ರಸ್ಟಿನ ಸುಪರ್ದಿಗೆ ಕೊಟ್ಟರು. ಆಕಸ್ಮಿಕವಾಗಿ ಉಳಿದಿದ್ದ ಊರು ಹೀಗೆ ಬೇಕೆಂದೇ ಉಳಿಸಿಕೊಂಡ ಊರಾಯಿತು.

ಕುರಿಗಳು ಈಗಲೂ ಆ ಗುಡ್ಡಗಳಲ್ಲಿ ಮೇಯುತ್ತವೆ. ಹಣೆಯ ಮೇಲೆ ಉದ್ದ ಕೂದಲಿನ ಕುಚ್ಚು ಇಳಿಬಿಟ್ಟ, ಕಾಟ್ಸ್‌ವೋಲ್ಡ್ ಲಯನ್ ಎಂದು ಕರೆಸಿಕೊಳ್ಳುವ ದೊಡ್ಡ ಮೈಯ ತಳಿ 20ನೆಯ ಶತಮಾನದ ನಡುವೆ ಅಳಿವಿನ ಅಂಚಿಗೆ ಹೋಗಿ, ಕೆಲವು ರೈತರ ಹಟದಿಂದ ಉಳಿದಿದೆ. ಅದರ ಒಂದು ತುಪ್ಪಟ ಗ್ರೆವೆಲ್ ಕಾಲದ ಕುರಿಯದಕ್ಕಿಂತ ಹಲವು ಪಟ್ಟು ತೂಗುತ್ತದೆ. ಆದರೆ ಬ್ರಿಟನ್ನಿನ ಕುರಿ ಸಾಕಣೆ ಇಂದು ನಡೆಯುವುದು ಮಾಂಸಕ್ಕಾಗಿ; ಉಣ್ಣೆಯ ಬೆಲೆ ಕತ್ತರಿಸುವವನ ಕೂಲಿಗೂ ಸಾಲದ ವರ್ಷಗಳು ಇತ್ತೀಚೆಗೆ ಮತ್ತೆ ಮತ್ತೆ ಬಂದಿವೆ. ಮೈಮೇಲೆ ಬಿಟ್ಟರೆ ಹುಳ ಬೀಳುವುದರಿಂದ ಕತ್ತರಿಸದೆ ವಿಧಿಯಿಲ್ಲ, ಕತ್ತರಿಸಿದ ಮೇಲೆ ಮಾರಿ ಬರುವ ಹಣದಲ್ಲಿ ಆ ದಿನದ ಖರ್ಚು ಹುಟ್ಟುವುದಿಲ್ಲ. ಒಂದು ಕಾಲಕ್ಕೆ ಸ್ಯಾಕಿಗೆ 40 ಶಿಲಿಂಗ್ ಸುಂಕ ಹೊತ್ತೂ ಲಾಭ ತಂದ ಸರಕನ್ನು ಈಗ ಕೆಲವು ರೈತರು ಗೊಬ್ಬರದ ಗುಂಡಿಗೆ ಹಾಕುತ್ತಿದ್ದಾರೆ, ಹೈ ಸ್ಟ್ರೀಟಿನ ಮನೆಗಳಾದರೋ ಕುರಿ ಕಾಯುವ ಯಾವ ಕುಟುಂಬಕ್ಕೂ ಎಟುಕದ ಬೆಲೆಗೆ ಮಾರಾಟವಾಗುತ್ತಿವೆ.